ವಿದ್ಯಾವಿಹಾರ್‌ನಲ್ಲಿ ಎತ್ತಬೇಕಿದ್ದ ಕಿಟಕಿ

ನಾನು ದಡ್ಡ ಎಂಬ ನಿಜವನ್ನು ಸ್ವಹಸ್ತದಿಂದ ಬರೆದು, ದಿನಾಂಕ ಹಾಕಿ, ಸಹಿ ಮಾಡಿ, ಎರಡು ಪ್ರತಿಗಳಲ್ಲಿ ಸಲ್ಲಿಸಿದ ನೌಕರ ನಮ್ಮ ನಿಗಮದ ಚರಿತ್ರೆಯಲ್ಲಿ ನಾನೊಬ್ಬನೇ ಇರಬೇಕು. ಅರ್ಹತೆ ಇದ್ದವರು ಬೇಕಾದಷ್ಟು ಜನ ಇದ್ದರು, ಬರೆದುಕೊಟ್ಟವರು ಇರಲಿಲ್ಲ. ಆ ಪತ್ರ ಈಗಲೂ ಬೈಕುಲ್ಲಾದ ಕಚೇರಿಯಲ್ಲಿ ಯಾವುದೋ ಫೈಲಿನೊಳಗೆ ದಾರ ಬಿಗಿಸಿಕೊಂಡು ಮಲಗಿದೆ. ಅದು ಅಲ್ಲಿಗೆ ಹೋದ ಬಗೆಯನ್ನು ಕ್ರಮವಾಗಿ ಹೇಳುತ್ತೇನೆ.

ನಾನು ಬೈಕುಲ್ಲಾದ ಉಗ್ರಾಣದಲ್ಲಿ ಬಿಡಿಭಾಗಗಳ ಗುಮಾಸ್ತನಾಗಿದ್ದೆ. ನನ್ನನ್ನು ಕೆಲಸಕ್ಕೆ ತೆಗೆದುಕೊಂಡದ್ದು ಬಿಡಿಭಾಗಗಳ ಜ್ಞಾನಕ್ಕಲ್ಲ, ಚೆಸ್ಸಿಗೆ. ಕ್ರೀಡಾ ಕೋಟಾ. ಪಕ್ಕದ ಮೇಜಿನವನೂ ಅದೇ ಕೋಟಾದವನು, ಸೇವೆಯಲ್ಲಿ ನನಗಿಂತ ನಾಲ್ಕು ತಿಂಗಳು ಹಿರಿಯ. ಅವನು ಉಡುಪಿ ಕಡೆಯವನು, ನಾನು ವಿಜಯಪುರದವನು. ಊರಿನ ಹೆಸರು ಬದಲಾದರೂ ಅವನ ಬಾಯಲ್ಲಿ ನಾನು "ಬಿಜಾಪುರ"ವಾಗಿಯೇ ಉಳಿದೆ. ನನ್ನ ಬಾಯಲ್ಲಿ ಅವನು "ಉಡುಪಿ". ಇಬ್ಬರ ಮನೆಯೂ ಘಾಟ್ಕೋಪರ್. ವರ್ಷಕ್ಕೆ ಮೂರು ತಿಂಗಳು, ಸಂಸ್ಥೆ ಸಂಸ್ಥೆಗಳ ನಡುವಿನ ಪಂದ್ಯಗಳ ಕಾಲದಲ್ಲಿ, ಮಧ್ಯಾಹ್ನ ಊಟವಾದ ಮೇಲೆ ನಮ್ಮನ್ನು ಅಭ್ಯಾಸಕ್ಕೆ ಬಿಡುತ್ತಿದ್ದರು. ಉಳಿದ ಒಂಬತ್ತು ತಿಂಗಳು ಆ ಮೂರು ತಿಂಗಳ ಹೊಟ್ಟೆಕಿಚ್ಚನ್ನು ಸಹೋದ್ಯೋಗಿಗಳಿಂದ ಸ್ವೀಕರಿಸುವುದು ನಮ್ಮ ಮುಖ್ಯ ಕೆಲಸವಾಗಿತ್ತು.

ಬೆಳಿಗ್ಗೆ ಏಳೂವರೆಗೆ ಹಾಜರಿ. ಹಾಗಾಗಿ ಘಾಟ್ಕೋಪರ್‌ನಿಂದ ನಸುಕಿನ ಸ್ಲೋ ಲೋಕಲ್, ಅದರಲ್ಲಿ ಹಿಂದಿನಿಂದ ಮೂರನೇ ಡಬ್ಬಿ, ಎದುರು ಬದುರಾಗಿ ಎರಡು ಸೀಟು. ಬೇರೆಯವರು ಮಂಡಿಯ ಮೇಲೆ ಪೆಟ್ಟಿಗೆ ಇಟ್ಟುಕೊಂಡು ಇಸ್ಪೀಟು ಆಡುತ್ತಿದ್ದರೆ ನಾವು ಬೋರ್ಡು, ಕಾಯಿ ಏನೂ ಇಲ್ಲದೆ, ಕಾಯಿ ಹೋಗುವ ಮನೆಯ ಹೆಸರು ಹೇಳುತ್ತಾ, ಬಾಯಲ್ಲೇ ಚೆಸ್ ಆಡುತ್ತಿದ್ದೆವು. "ಡಿ ಫೋರ್." "ಡಿ ಫೈವ್." "ಸಿ ಫೋರ್." "ಇ ಸಿಕ್ಸ್." ಬಿಳಿ ನೀಡುವ ಕಾಲಾಳನ್ನು ಕಪ್ಪು ಮರ್ಯಾದೆಯಿಂದ ನಿರಾಕರಿಸುವ, ನೂರಾರು ವರ್ಷ ಹಳೆಯ, ಯಾರಿಗೂ ಕೇಡು ಬಯಸದ ಆರಂಭ ಅದು. ಹತ್ತೊಂಬತ್ತು ವರ್ಷ ನಾನು ಬಿಳಿ, ಅವನು ಕಪ್ಪು. ಇಬ್ಬರೂ ಮೊದಲ ಹದಿನೈದು ನಡೆಗಳನ್ನು ಒಂದೇ ರೀತಿ ಆಡುತ್ತಿದ್ದೆವು. ಅದು ಮುಗಿಯುವ ಹೊತ್ತಿಗೆ ಕುರ್ಲಾ ಬರುತ್ತಿತ್ತು. ಆ ಸ್ಥಿತಿಗೆ ನಾವಿಟ್ಟ ಹೆಸರೂ "ಕುರ್ಲಾ". ನಿಜವಾದ ಆಟ ಕುರ್ಲಾದಿಂದ ಶುರು. ಬೈಕುಲ್ಲಾ ಬಂದರೆ ಆಟ ಎಲ್ಲಿದ್ದರೂ ಡ್ರಾ. ಇದು ನಿಯಮ. ಇಬ್ಬರೂ ನಿಧಾನಿಗಳಾದ್ದರಿಂದ ಬೈಕುಲ್ಲಾ ಪ್ರತಿದಿನವೂ ಬಂತು. ಸಾವಿರಾರು ಆಟಗಳಲ್ಲಿ ಒಂದೂ ಮುಗಿಯಲಿಲ್ಲ. ಇಷ್ಟು ದೀರ್ಘ ಶಾಂತಿ ದೇಶದೇಶಗಳ ನಡುವೆಯೂ ಉಳಿದಿಲ್ಲ.

ಇಲ್ಲಿ ಒಂದು ಸಣ್ಣ ಪದ್ಧತಿಯನ್ನು ಹೇಳಬೇಕು, ಏಕೆಂದರೆ ನನ್ನ ಬದುಕು ಕೆಟ್ಟದ್ದು ಅದರಿಂದಲೇ. ಆಟದಲ್ಲಿ ರಾಜ ಸಾಮಾನ್ಯವಾಗಿ ಮೂಲೆಯಲ್ಲಿ, ತನ್ನ ಮೂರು ಕಾಲಾಳುಗಳ ಹಿಂದೆ, ಸುರಕ್ಷಿತವಾಗಿ ಕೂತಿರುತ್ತಾನೆ. ಆದರೆ ಎದುರಾಳಿಯ ಆನೆ ಕೊನೆಯ ಸಾಲಿಗೆ ಬಂದು ನಿಂತರೆ ಅದೇ ಮೂರು ಕಾಲಾಳುಗಳು ಅವನಿಗೆ ಗೋಡೆಯಾಗುತ್ತವೆ. ಓಡಲು ಜಾಗವಿಲ್ಲ, ಅದೇ ಮೇಟ್, ಆಟ ಅಲ್ಲಿಗೆ ಮುಗಿಯಿತು. ಆದ್ದರಿಂದ ತಿಳಿದವರು ಮೊದಲೇ ಮೂಲೆಯ ಕಾಲಾಳನ್ನು ಒಂದು ಮನೆ ಮುಂದೆ ತಳ್ಳಿ ರಾಜನಿಗೆ ಕಿಟಕಿ ಮಾಡಿಡುತ್ತಾರೆ. ಬಿಳಿಗೆ ಅದು ಎಚ್ ತ್ರೀ, ಕಪ್ಪಿಗೆ ಎಚ್ ಸಿಕ್ಸ್. ನಮ್ಮ ಆರಂಭದಲ್ಲಿ ಈ ಜೋಡಿ ನಡೆ ಬರುತ್ತಿದ್ದದ್ದು ವಿದ್ಯಾವಿಹಾರ್ ಸ್ಟೇಷನ್ನಿನಲ್ಲಿ. ಘಾಟ್ಕೋಪರ್ ದಾಟಿದೊಡನೆ ಒಂದು ನಾಲೆಯ ನಾತ ಹೊಡೆಯುವುದರಿಂದ ಅಲ್ಲಿಯವರೆಗೆ ಡಬ್ಬಿಯ ಕಿಟಕಿ ಮುಚ್ಚಿರುತ್ತಿತ್ತು. ವಿದ್ಯಾವಿಹಾರ್ ಬಂದಾಗ ಉಡುಪಿ ಎದ್ದು ಅದನ್ನು ಮೇಲೆತ್ತುತ್ತಿದ್ದ. ಮೊದಮೊದಲು ಎತ್ತುತ್ತಾ "ಎಚ್ ತ್ರೀ, ಎಚ್ ಸಿಕ್ಸ್" ಎನ್ನುತ್ತಿದ್ದೆವು. ಆಮೇಲೆ ಬಾಯಿ ನೋಯಿಸುವುದೇಕೆಂದು ಬಿಟ್ಟೆವು. ಕಿಟಕಿ ಎತ್ತಿದ ಅಂದರೆ ಇಬ್ಬರ ಕಾಲಾಳುಗಳೂ ಒಂದೊಂದು ಮನೆ ಮುಂದೆ ಹೋದವು ಎಂದು ಲೆಕ್ಕ. ಹದಿನೆಂಟು ವರ್ಷ ಆ ಎರಡು ನಡೆಗಳನ್ನು ನಾವು ಬಾಯಲ್ಲಿ ಆಡಲೇ ಇಲ್ಲ.

ಒಂದೇ ತಂಡದವರು ಪಂದ್ಯಗಳಲ್ಲಿ ಎದುರೆದುರು ಕೂರುವುದಿಲ್ಲ. ಹೀಗಾಗಿ ನಿಜವಾದ ಬೋರ್ಡಿನ ಮೇಲೆ, ನಿಜವಾದ ಕಾಯಿಗಳಿಂದ, ಗಡಿಯಾರ ಇಟ್ಟು, ನಾವಿಬ್ಬರೂ ಒಂದು ಆಟವನ್ನೂ ಆಡಿರಲಿಲ್ಲ.

ಆ ಕೊರತೆಯನ್ನು ಕ್ರೀಡಾಧಿಕಾರಿ ನೀಗಿಸಿದರು. ಮರಾಠಿಯವರು, ಯೌವನದಲ್ಲಿ ಕಬಡ್ಡಿ ಆಡಿದವರು. ಬೆವರು ಬಾರದ ಆಟವನ್ನು ಆಟವೆಂದು ಒಪ್ಪಲು ಅವರಿಗೆ ತಾತ್ವಿಕ ತೊಂದರೆ ಇತ್ತು. ಒಂದು ಬೆಳಿಗ್ಗೆ ನೋಟೀಸು ಬಂತು. ಚೆಸ್ ತಂಡ ಇನ್ನು ನಾಲ್ವರದಲ್ಲ, ಮೂವರದು. ಒಂದನೇ ಬೋರ್ಡಿನ ಹುಡುಗಿಗೂ ಎರಡನೇ ಬೋರ್ಡಿನ ಇಂಜಿನಿಯರನಿಗೂ ಬಾಧೆಯಿಲ್ಲ. ಮೂರನೇ ಸೀಟಿಗೆ ನಾವಿಬ್ಬರೂ ಒಂದೇ ಒಂದು ಆಟ ಆಡಬೇಕು. ನಾನು ಬಿಳಿ. ಡ್ರಾ ಆದರೆ ಸೀಟು ಸೇವಾ ಹಿರಿಯನಿಗೆ, ಅಂದರೆ ಉಡುಪಿಗೆ. ಸೀಟು ಹೋದವನು ಚೆಸ್‌ನವನಲ್ಲ, ಬರೀ ಗುಮಾಸ್ತ. ಮುಂದಿನ ತಿಂಗಳು ಅರ್ಧ ಉಗ್ರಾಣ ಜೋಗೇಶ್ವರಿಗೆ ಹೋಗುವಾಗ ಅವನೂ ಬೋಲ್ಟು ನಟ್ಟುಗಳ ಜೊತೆ ಹೋಗತಕ್ಕದ್ದು.

"ಜೋಗೇಶ್ವರಿ ಒಳ್ಳೇದೇ ಅಲ್ವಾ?" ಎಂದು ಸಹೋದ್ಯೋಗಿಗಳು ಸಂತಾಪ ಸೂಚಿಸಿದರು. "ಘಾಟ್ಕೋಪರ್‌ನಿಂದ ಮೆಟ್ರೋ ಇದೆ. ಎ.ಸಿ. ಇದೆ." ಐವತ್ತೆರಡನೇ ವಯಸ್ಸಿನಲ್ಲಿ ಮನುಷ್ಯನಿಂದ ಅವನಲ್ಲಿರುವ ಒಂದೇ ಒಂದು ವಿಶೇಷವನ್ನು ಕಿತ್ತುಕೊಳ್ಳುವಾಗ ತಂಪುಗಾಳಿ ಬೀಸುವುದು ಒಳ್ಳೆಯ ಏರ್ಪಾಡು.

ನೋಟೀಸು ಬಂದ ಮರುದಿನ ಲೋಕಲ್‌ನಲ್ಲಿ ಉಡುಪಿ ಕೇಳಿದ, "ಎಂತ ಮಾರಾಯ, ಇವತ್ತೂ ಆಡುದಾ?"

"ಆಡೂದು. ಯಾಕ, ಹೆದರಿಕಿ ಆತೇನು?"

"ನನಗೆಂತ ಹೆದರಿಕೆ? ಡ್ರಾ ಆದ್ರೂ ಸೀಟು ನನ್ನದೇ. ನೀನು ಗೆಲ್ಬೇಕು. ನೀನು ಈ ಜನ್ಮದಲ್ಲಿ ಬೈಕುಲ್ಲಾದ ಒಳಗೆ ಯಾರನ್ನಾದ್ರೂ ಗೆದ್ದದ್ದುಂಟಾ?"

"ಆವತ್ತು ಬೈಕುಲ್ಲಾ ಬರೂದಿಲ್ಲಲೇ. ಆವತ್ತು ಬೈಕುಲ್ಲಾದಾಗ ಕೂತಾ ಆಡೂದು."

ಅವನು ನಕ್ಕ. ವಿದ್ಯಾವಿಹಾರ್ ಬಂತು, ಕಿಟಕಿ ಎತ್ತಿದ.

ನನ್ನ ತಯಾರಿ ಹೀಗಿತ್ತು. ಹತ್ತೊಂಬತ್ತು ವರ್ಷಗಳ ಆಟದ ಆದಿ ನಮಗಿಬ್ಬರಿಗೂ ಬಾಯಿಪಾಠ. ಅಂತ್ಯ ಯಾರಿಗೂ ಗೊತ್ತಿಲ್ಲ. ಆ ಅಂತ್ಯವನ್ನು ನಾನು ಮೂರು ವಾರ ಅಡುಗೆಮನೆಯ ಮೇಜಿನ ಮೇಲೆ ಅಭ್ಯಾಸ ಮಾಡಿದೆ. ಕುದುರೆ, ಒಂಟೆ, ರಾಣಿ ಎಲ್ಲ ಸತ್ತು ಇಬ್ಬರಲ್ಲೂ ಒಂದೊಂದು ಆನೆ ಉಳಿಯುತ್ತದೆ. ಆಗ ಅವನ ಆನೆ ನನ್ನ ಕಡೆಗೆ ನುಗ್ಗಿ ಒಂದು ಕಾಲಾಳನ್ನು ತಿನ್ನಲು ಬಿಡಬೇಕು. ನನ್ನ ಆನೆ ಅವನ ಕಡೆಗೆ ನುಗ್ಗಿ ಅಂಚಿನ ಕಾಲಾಳನ್ನು ತಿನ್ನಬೇಕು. ಆಮೇಲೆ ನನ್ನ ಅಂಚಿನ ಕಾಲಾಳು ಓಡುತ್ತದೆ, ಅವನಿಗಿಂತ ಒಂದು ಹೆಜ್ಜೆ ಮೊದಲು ರಾಣಿಯಾಗುತ್ತದೆ. ಕಪ್ಪಿನ ನಡೆಗಳನ್ನೂ ನಾನೇ ಆಡುತ್ತಿದ್ದುದರಿಂದ ಪ್ರತಿ ಸಲವೂ ಬಿಳಿ ಗೆದ್ದಿತು.

ಒಂದು ಸೂಕ್ಷ್ಮ ಸಂಗತಿ: ಅಡುಗೆಮನೆಯಲ್ಲಿ ನಾನು ಕಾಯಿಗಳನ್ನು ಒಂದನೇ ನಡೆಯಿಂದ ನಡೆಸಿ ತರಲಿಲ್ಲ. ನೇರವಾಗಿ ಕುರ್ಲಾದಿಂದ ಜೋಡಿಸಿದೆ. ಕುರ್ಲಾದಲ್ಲಿ ಕಿಟಕಿಗಳು ತೆರೆದಿರುತ್ತವೆ.

ಆಟ ಶನಿವಾರ ಮಧ್ಯಾಹ್ನ, ಬೈಕುಲ್ಲಾ ಕಚೇರಿಯ ಕ್ಯಾಂಟೀನಿನಲ್ಲಿ. ಒಂದು ಮೇಜು ಒರೆಸಿಕೊಟ್ಟರು. ಒಬ್ಬೊಬ್ಬರಿಗೆ ಒಂದು ಗಂಟೆ, ಪ್ರತಿ ನಡೆಗೆ ಮೂವತ್ತು ಸೆಕೆಂಡು ಹೆಚ್ಚುವರಿ. ಪ್ರತಿ ನಡೆಯನ್ನೂ ಹಾಳೆಯಲ್ಲಿ ಬರೆಯಬೇಕು. ಒಂದನೇ ಬೋರ್ಡಿನ ಹುಡುಗಿಯೇ ತೀರ್ಪುಗಾರ್ತಿ. ಅವಳ ತಂದೆ ತಾಯಿ ಧಾರವಾಡದವರು. ಅವಳ ಕನ್ನಡ ಮಾತ್ರ ದಾದರ್‌ನಲ್ಲಿ ಇಳಿದುಹೋಗಿತ್ತು. ಹದಿನೈದಿಪ್ಪತ್ತು ಜನ ಚಹಾ ಹಿಡಿದು ಸುತ್ತ ನಿಂತರು. ಅವರಲ್ಲಿ ಚೆಸ್ ಬಲ್ಲವರು ನಾಲ್ಕೈದು ಜನ. ಉಳಿದವರು ಯಾರೋ ಒಬ್ಬರು ಹಾಳಾಗುವುದನ್ನು ನೋಡಲು ಬಂದಿದ್ದರು, ಅದಕ್ಕೆ ಆಟ ತಿಳಿದಿರಬೇಕಿಲ್ಲ.

"ನೋ ಟಾಕಿಂಗ್ ಹಾಂ," ಎಂದಳು ಹುಡುಗಿ ಎಲ್ಲರಿಗೂ. "ಯಾರೂ ಹಿಂಟ್ ಕೊಡಬಾರದು. ನಾನೂ ಕೊಡಲ್ಲ."

ಗಡಿಯಾರ ಒತ್ತಿದಳು. ಡಿ ಫೋರ್. ಡಿ ಫೈವ್. ಸಿ ಫೋರ್. ಇ ಸಿಕ್ಸ್. ಅವನು ಬೇರೇನಾದರೂ ಆಡಿ ತಪ್ಪಿಸಿಕೊಳ್ಳುತ್ತಾನೆಂಬ ಭಯ ಹೋಯಿತು. ಇಬ್ಬರೂ ಒಂದೇ ವೇಗದಲ್ಲಿ, ತಲೆ ಎತ್ತದೆ, ಆರಂಭವನ್ನು ಸುರಿದೆವು. ಕೈಗಳು ಆಡುತ್ತಿದ್ದದ್ದು ಬೋರ್ಡಿನ ಮೇಲೆ. ತಲೆಗಳು ಆಡುತ್ತಿದ್ದದ್ದು ಹಿಂದಿನಿಂದ ಮೂರನೇ ಡಬ್ಬಿಯಲ್ಲಿ. ಬಾಯಲ್ಲಿ ಹೇಳುತ್ತಿದ್ದ ನಡೆಗಳನ್ನೆಲ್ಲ ಕೈಯಲ್ಲಿ ಆಡಿದೆವು, ಒಂದನ್ನೂ ಬಿಡಲಿಲ್ಲ. ಬಾಯಲ್ಲಿ ಹೇಳದ ಜೋಡಿಯನ್ನು ಆಡಲಿಲ್ಲ. ಕ್ಯಾಂಟೀನಿನಲ್ಲಿ ಯಾರೂ ಎದ್ದು ಕಿಟಕಿ ಎತ್ತಲಿಲ್ಲ.

ಹದಿನಾರನೇ ನಡೆಯ ಹೊತ್ತಿಗೆ ನನ್ನ ಮಟ್ಟಿಗೆ ಕುರ್ಲಾ ಬಂದಿತ್ತು. ಅವನ ಮಟ್ಟಿಗೂ. ಬೋರ್ಡಿನ ಮೇಲೆ ಮಾತ್ರ ಇಬ್ಬರ ಮೂಲೆಯ ಕಾಲಾಳುಗಳೂ ಹುಟ್ಟಿದ ಮನೆಯಲ್ಲೇ ನಿಂತಿದ್ದವು. ಕಣ್ಣು ಅವುಗಳ ಮೇಲೆ ಹಾದುಹೋಗುತ್ತಿತ್ತು. ಕಣ್ಣಿಗೆ ಕೆಲಸ ಕೊಟ್ಟರೆ ತಾನೇ ಅದು ವರದಿ ಕೊಡುವುದು?

ಕಾಯಿಗಳು ಜೋಡಿಜೋಡಿಯಾಗಿ ಸತ್ತವು. ಇಪ್ಪತ್ತಾರನೇ ನಡೆಯಲ್ಲಿ ಅವನು, ನಾನು ಅಡುಗೆಮನೆಯಲ್ಲಿ ಬರೆದುಕೊಟ್ಟಿದ್ದೇನೋ ಎಂಬಂತೆ, ತನ್ನ ಕೊನೆಯ ಆನೆಯನ್ನು ಹಿಂದಿನ ಸಾಲಿನಿಂದ ಎತ್ತಿ ನನ್ನ ಎರಡನೇ ಸಾಲಿಗೆ ತಂದಿಟ್ಟ. ರೂಕ್ ಸಿ ಟು.

ಈಗ ನನ್ನ ಆನೆ ಡಿ ಒನ್‌ನಿಂದ ನೇರ ಡಿ ಏಟ್‌ಗೆ ಹೋಗಿ ನಿಂತರೆ ಮೇಟ್. ಒಂದೇ ನಡೆ. ತಡೆಯಲು ಏನೂ ಇಲ್ಲ, ರಾಜನಿಗೆ ಓಡಲು ಕಿಟಕಿ ಇಲ್ಲ. ಆಟ ಕಲಿತ ಮೊದಲ ವಾರದ ಮಕ್ಕಳಿಗೆ ಕೊಡುವ ಲೆಕ್ಕ.

ನಾನು ಅದೇ ಆನೆಯನ್ನು ಅದೇ ದಾರಿಯಲ್ಲಿ ಓಡಿಸಿ, ಗುರಿಗೆ ಒಂದು ಮನೆ ಮೊದಲು, ಡಿ ಸೆವೆನ್‌ನಲ್ಲಿ ನಿಲ್ಲಿಸಿದೆ. ಆರು ಮನೆ ಹೋದವನಿಗೆ ಏಳನೆಯದು ಭಾರವಾಯಿತು.

ಹಿಂದೆ ಯಾರೋ "ಚ್ಚ್" ಎಂದರು. ಹುಡುಗಿ ತಿರುಗಿ ಗುರಾಯಿಸಿದಳು. ನಾನು ಅದನ್ನು ಮೆಚ್ಚುಗೆಯ ಸದ್ದು ಎಂದುಕೊಂಡೆ.

ಉಡುಪಿ ತಡಮಾಡದೆ ನನ್ನ ಕಾಲಾಳನ್ನು ತಿಂದ. ರೂಕ್ ಬಿ ಟು. ಅಡುಗೆಮನೆಯಲ್ಲಿ ಆದದ್ದೇ ಆಗುತ್ತಿತ್ತು. ಮೇಟ್ ಇನ್ನೂ ಹಾಗೇ ಇತ್ತು, ಈಗ ಒಂದೇ ಮನೆ ದೂರ. ಇಲ್ಲಿ ನಾನು ಯೋಚನೆಗೆ ಕೂತೆ. ಹನ್ನೊಂದು ನಿಮಿಷ. ನನ್ನ ಅಂಚಿನ ಕಾಲಾಳು ರಾಣಿಯಾಗಲು ಎಷ್ಟು ನಡೆ, ಅವನದಕ್ಕೆ ಎಷ್ಟು ಎಂದು ಬೆರಳು ಮಡಚಿ ಎಣಿಸಿದೆ. ಮಧ್ಯೆ ತಲೆ ಎತ್ತಿದಾಗ ಉಡುಪಿಯ ಮುಖ ಬೆಂದ ಗೆಣಸಿನ ಹಾಗೆ ಆಗಿತ್ತು. ನೀರಿನ ಬಾಟಲಿ ತೆರೆಯಲು ಹೋಗಿ ಮುಚ್ಚಳ ಕೆಳಗೆ ಬೀಳಿಸಿದ. ನನ್ನ ಮೂರು ವಾರಗಳ ತಯಾರಿ ಅವನಿಗೆ ಅರ್ಥವಾಗಿದೆ, ಹೆದರಿದ್ದಾನೆ ಎಂದು ನನಗೆ ಒಳಗೊಳಗೇ ಕರುಣೆ ಬಂತು. ಕರುಣೆ ಅತ್ಯಂತ ರುಚಿಯಾದ ಪದಾರ್ಥ, ಬೇರೆಯವರ ಮೇಲೆ ಸುರಿಯುವಾಗ.

ಇಪ್ಪತ್ತೆಂಟನೇ ನಡೆ. ಆನೆಯನ್ನು ಎತ್ತಿ, ಸ್ವಲ್ಪ ಸದ್ದಾಗುವಂತೆ, ಅವನ ಅಂಚಿನ ಕಾಲಾಳಿನ ಮೇಲೆ ಇಟ್ಟೆ. ರೂಕ್ ಎ ಸೆವೆನ್.

ಅವನು ಕಣ್ಣು ಮುಚ್ಚಿದ. ತೆರೆದ. ನನ್ನ ಮುಖ ನೋಡಿದ, ಬೋರ್ಡು ನೋಡಿದ, ಮತ್ತೆ ನನ್ನ ಮುಖ ನೋಡಿದ. ಆಮೇಲೆ ಕೈ ಚಾಚಿ ತನ್ನ ಮೂಲೆಯ ಕಾಲಾಳನ್ನು ಒಂದು ಮನೆ ಮುಂದೆ ಇಟ್ಟ. ಎಚ್ ಸಿಕ್ಸ್.

"ಡ್ರಾ ಮಾಡ್ವನಾ ಮಾರಾಯ?" ಎಂದ ಮೆಲ್ಲಗೆ, ಗಡಿಯಾರ ಒತ್ತುತ್ತಾ.

ಆಗಲೇ ಅಲ್ಲಿದ್ದ ಕಾಲಾಳು ಅಲ್ಲಿಗೆ ಹೇಗೆ ಹೋಯಿತು? ನನಗೆ ಮೊದಲು ಹೊಳೆದದ್ದು ಈ ಪ್ರಶ್ನೆ. ಅವನು ನಿಯಮ ಮುರಿದನೆಂದು ತೀರ್ಪುಗಾರ್ತಿಯನ್ನು ಕರೆಯಲು ಕೈ ಕೂಡ ಅರ್ಧ ಎತ್ತಿದೆ. ಎತ್ತಿದ ಕೈ ಅಲ್ಲೇ ನಿಂತಿತು. ಬೋರ್ಡು ನೋಡಿದೆ. ಬಹುಶಃ ಅವತ್ತು ಮೊದಲ ಸಲ.

ಡಿ ಏಟ್ ಕಂಡಿತು. ಎರಡು ಸಲ ಬಿಟ್ಟದ್ದು ಕಂಡಿತು. ಅದರ ಬೆನ್ನಿಗೇ ಇನ್ನೊಂದು ಕಂಡಿತು: ನನ್ನ ರಾಜನಿಗೂ ಕಿಟಕಿ ಇಲ್ಲ. ಈಗಷ್ಟೇ ಅವನ ಆನೆ ಬಿ ಟುವಿನಿಂದ ಒಂದು ಮನೆ ಕೆಳಗಿಳಿದು ಬಿ ಒನ್‌ಗೆ ಬಂದಿದ್ದರೆ ನಾನೇ ಮೇಟ್. ಅವನು ಅದನ್ನು ನೋಡಿದ್ದ. ನೋಡಿ, ಆ ಆನೆಯನ್ನು ಮುಟ್ಟದೆ, ಕಾಲಾಳು ತಳ್ಳಿ ಡ್ರಾ ಕೇಳಿದ್ದ.

ನನಗೆ ಬೇಕಿದ್ದದ್ದು ಗೆಲುವು. ಡ್ರಾ ಎಂದರೆ ಜೋಗೇಶ್ವರಿ. ಕಾನೂನಿನ ಪ್ರಕಾರ ಬೇಡ ಎನ್ನಬಹುದಿತ್ತು; ನನ್ನ ಕಿಟಕಿಯನ್ನೂ ತೆ​ಗೆದು, ಇನ್ನೂ ಎರಡು ಗಂಟೆ ಆಡಬಹುದಿತ್ತು. ಆದರೆ ಕುತ್ತಿಗೆಗೆ ಇಟ್ಟ ಚಾಕುವನ್ನು ತಾನಾಗಿ ಹಿಂದಕ್ಕೆ ತೆಗೆದುಕೊಂಡವನಿಗೆ "ಬಾ, ಮುಂದುವರಿಸೋಣ" ಎನ್ನಲು ನಾಲಿಗೆ ಬರಲಿಲ್ಲ.

"ಆತು," ಎಂದೆ.

ಕೈ ಕುಲುಕಿದೆವು. ಹುಡುಗಿ ಹಾಳೆಗಳನ್ನು ತೆಗೆದುಕೊಂಡಳು. ಅವಳ ಮುಖ ಕೆಂಪಾಗಿತ್ತು. "ಅಂಕಲ್, ನಾನು ಬೋಲ್ ನಹೀ ಸಕ್ತಿ ಥೀ," ಎಂದಳು. "ರೂಲ್ ಇದೆ. ಬಟ್ ಅಂಕಲ್... ಸಂಡೇ ನಾನು ಸಿಕ್ಸ್ ಇಯರ್ಸ್ ಮಕ್ಕಳಿಗೆ ಕ್ಲಾಸ್ ತಗೋತೀನಿ. ಅವರು ಕೂಡ..." ವಾಕ್ಯ ಮುಗಿಸಲಿಲ್ಲ. ಕನ್ನಡ ಸಾಲಲಿಲ್ಲವೋ, ದಯೆ ಅಡ್ಡ ಬಂತೋ ತಿಳಿಯಲಿಲ್ಲ.

ಸಂಜೆ ಬೈಕುಲ್ಲಾ ಪ್ಲಾಟ್‌ಫಾರ್ಮಿನಲ್ಲಿ ಉಡುಪಿ ನನ್ನ ತೋಳು ಹಿಡಿದು ನಿಲ್ಲಿಸಿದ. ಅವನ ಕಣ್ಣು ಒದ್ದೆಯಾಗಿತ್ತು.

"ನೀನು ಹನ್ನೊಂದು ನಿಮಿಷ ಯೋಚನೆ ಮಾಡಿದ್ದು ಅದನ್ನೇ ಅಲ್ವಾ? ಹೊಡೀಬೇಕಾ ಬಿಡಬೇಕಾ ಅಂತ?"

ನಾನು ಚೀಲವನ್ನು ಇನ್ನೊಂದು ಭುಜಕ್ಕೆ ಬದಲಿಸಿದೆ.

"ನಾನು ಆಗ ನೋಡಿದ್ದು ಮಾರಾಯ, ನೀನು ಯೋಚನೆಗೆ ಕೂತಾಗ. ಸತ್ತೆ ಅಂತ ಎಣಿಸಿದೆ. ನೀನು ಬಿಟ್ಟೆ. ಸೀಟು ಹೋಗ್ತದೆ ಅಂತ ಗೊತ್ತಿದ್ದೂ ಬಿಟ್ಟೆ. ಮತ್ತೆ ನಾನು ನಿನ್ನನ್ನು ಹೊಡೀಲಿಕ್ಕೆ ಎಂತ ಪ್ರಾಣಿಯಾ?"

ಇಲ್ಲಿ ನಾನು ಬಾಯಿ ತೆರೆದು "ಇಲ್ಲಪ್ಪಾ, ನನಗ ಕಂಡಿರಲಿಲ್ಲ" ಎನ್ನಬೇಕಿತ್ತು. ಮೂರು ಪದ. ನಾನು ಅವನ ಭುಜ ತಟ್ಟಿದೆ. ಅಷ್ಟೇ ಅಲ್ಲ, ತಟ್ಟುವಾಗ ದೂರದಲ್ಲಿ ಎಲ್ಲೋ ನೋಡಿದೆ. ಹಾಗೆ ನೋಡುವ ಅಗತ್ಯ ಇರಲಿಲ್ಲ.

ಆ ಮೇಲಿನ ನಾಲ್ಕು ದಿನ ನಾನು ಮಹಾತ್ಮನಾಗಿದ್ದೆ. ಅವನು ಕಿಟಕಿಯ ಸೀಟು ನನಗೆ ಬಿಟ್ಟುಕೊಟ್ಟ. ತನ್ನ ಭಾವನ ಹೋಟೆಲಿನಿಂದ ಗೋಳಿಬಜೆ ಕಟ್ಟಿಸಿಕೊಂಡು ಬಂದ. ನಾನು ತಿಂದೆ. ತ್ಯಾಗಿಗಳು ಹೇಗೆ ತಿನ್ನುತ್ತಾರೋ ಹಾಗೆ, ನಿಧಾನವಾಗಿ, ಆಸೆ ಇಲ್ಲದವನಂತೆ, ಎಂಟು ತಿಂದೆ.

ಅಷ್ಟರಲ್ಲಿ ಕ್ಯಾಂಟೀನಿನ ನೋಟೀಸ್ ಬೋರ್ಡಿನಲ್ಲಿ ಯಾರೋ ಆ ಸ್ಥಿತಿಯ ಚಿತ್ರ ಬರೆದು ಅಂಟಿಸಿದ್ದರು. ಕೆಳಗೆ: ಬಿಳಿಯ ನಡೆ, ಒಂದರಲ್ಲಿ ಮೇಟ್, ಉತ್ತರಿಸಿದವರಿಗೆ ಕಟಿಂಗ್ ಚಾಯ್. ಗೇಟಿನ ವಾಚ್‌ಮನ್ ಉತ್ತರಿಸಿ ಚಹಾ ಕುಡಿದ. ಲಿಫ್ಟಿನವನು ಕುಡಿದ. ಚೆಸ್ಸಿನ ಪ್ರಚಾರಕ್ಕೆ ನಮ್ಮ ತಂಡ ಹತ್ತೊಂಬತ್ತು ವರ್ಷಗಳಲ್ಲಿ ಮಾಡಲಾಗದ ಸೇವೆಯನ್ನು ನಾನು ಎರಡು ನಡೆಗಳಲ್ಲಿ ಮಾಡಿದ್ದೆ.

ಐದನೇ ದಿನ ಕ್ರೀಡಾಧಿಕಾರಿ ಇಬ್ಬರನ್ನೂ ಒಳಗೆ ಕರೆದರು. ಹುಡುಗಿಯೂ ಇದ್ದಳು, ಮೇಜಿನ ಮೇಲೆ ನಮ್ಮ ಹಾಳೆಗಳು. ಅಧಿಕಾರಿಗೆ ಚೆಸ್ ಗೊತ್ತಿಲ್ಲ. ಆದರೆ ಒಂದೇ ಭಾಷೆಯ, ಒಂದೇ ಲೋಕಲ್‌ನ, ಒಂದೇ ಸೆಕ್ಷನ್ನಿನ ಇಬ್ಬರು ಗೆಳೆಯರು ಗೋಲ್ ಬಿಟ್ಟು ಹೊರಗೆ ಒದ್ದರೆ ಅದಕ್ಕೆ ಏನೆನ್ನುತ್ತಾರೆ ಎಂಬುದು ಅವರಿಗೆ ಎಲ್ಲ ಆಟಗಳಲ್ಲೂ ಗೊತ್ತಿತ್ತು.

"ಸೆಟ್ಟಿಂಗ್ ಥೀ ಕ್ಯಾ?" ಎಂದರು. "ಸಚ್ ಬೋಲೋ. ಸೆಟ್ಟಿಂಗ್ ಹೋಗೀ ತೋ ದೋನೋ ಟೀಮ್ ಸೇ ಬಾಹರ್. ಸರ್ವಿಸ್ ಬುಕ್ ಮೇ ಭೀ ಜಾಯೇಗಾ."

ಮೊದಲೇ ಮಾತಾಡಿಕೊಂಡು ಡ್ರಾ ಮಾಡಿದ್ದರೆ ಇಬ್ಬರೂ ತಂಡದಿಂದ ಹೊರಗೆ, ಇಬ್ಬರ ಸೇವಾ ಪುಸ್ತಕದಲ್ಲೂ ಕಪ್ಪು ಗೆರೆ. ಉಡುಪಿ ಗಂಟಲು ಸರಿಮಾಡಿಕೊಂಡ. ಅವನ ಮುಖದಲ್ಲಿ ಹೆಮ್ಮೆ ಇತ್ತು, ನನ್ನ ಬಗ್ಗೆ.

"ಸೆಟ್ಟಿಂಗ್ ನಹೀ, ಸರ್. ಇಸ್ನೇ ಮೇಟ್ ದೇಖಾ ಥಾ. ದೇಖ್ ಕೇ ಭೀ ನಹೀ ಮಾರಾ. ಫಿರ್ ಮೈನೇ ಭೀ—"

ಹುಡುಗಿ ಬೆಚ್ಚಿ ತಲೆ ಎತ್ತಿದಳು. ಅವಳಿಗೆ ಅರ್ಥವಾಗಿತ್ತು. ನನಗೂ. ಒಬ್ಬ ಬೇಕೆಂದೇ ಬಿಟ್ಟ, ಅದಕ್ಕೆ ಇನ್ನೊಬ್ಬನೂ ಬಿಟ್ಟ ಎನ್ನುವುದಕ್ಕೆ ನಿಯಮ ಪುಸ್ತಕದಲ್ಲಿ ಗೆಳೆತನ ಎಂಬ ಹೆಸರಿಲ್ಲ. ಅವನು ಇನ್ನೊಂದು ವಾಕ್ಯ ಹೇಳಿದರೆ ತನ್ನ ಸೀಟನ್ನು ತಾನೇ ಸುಡುತ್ತಿದ್ದ, ನನ್ನ ಹೆಸರಿಗೆ ಹಾರ ಹಾಕುವ ಸಂಭ್ರಮದಲ್ಲಿ.

"ನಹೀ ದೇಖಾ, ಸರ್," ಎಂದೆ.

ಉಡುಪಿ ನನ್ನ ಕಡೆ ತಿರುಗಿ ನಕ್ಕ. ನಾನು ಅವನನ್ನು ಉಳಿಸಲು ಸುಳ್ಳು ಹೇಳುತ್ತಿದ್ದೇನೆ ಎಂದುಕೊಂಡ. "ಬೇಡ ಮಾರಾಯ, ಇದ್ದದ್ದು ಹೇಳುವ," ಎಂದ ಕನ್ನಡದಲ್ಲಿ.

"ಇದ್ದದ್ದನ್ನ ಹೇಳಾಕತ್ತೀನಿ. ನನಗ ಕಾಣಲಿಲ್ಲ. ನಿನ್ನ ಕಾಲಾಳು ಎಚ್ ಸಿಕ್ಸ್‌ದಾಗ ಐತಿ ಅಂತ ತಿಳ್ಕೊಂಡಿದ್ದೆ. ವಿದ್ಯಾವಿಹಾರದಾಗ ಕಿಟಕಿ ಎತ್ತಿದಿ ಅಂತ ತಿಳ್ಕೊಂಡಿದ್ದೆ. ಹನ್ನೊಂದು ಮಿನಿಟು ನಾ ಎಣಸ್ತಿದ್ದದ್ದು ನನ್ನ ಅಂಚಿನ ಕಾಲಾಳಿನ ಹೆಜ್ಜಿ."

ಅವನ ನಗು ಒಮ್ಮೆಲೇ ಹೋಗಲಿಲ್ಲ. ಮುಖದ ಮೇಲೆ ಏನು ಮಾಡಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ನಿಂತಿತ್ತು.

"ಮತ್ತೆ ಪ್ಲಾಟ್‌ಫಾರ್ಮಲ್ಲಿ?"

"ಅದು..." ಎಂದೆ.

"ಗೋಳಿಬಜೆ ತಿಂದಿಯಲ್ಲ ನೀನು," ಎಂದ.

ಅಧಿಕಾರಿ ಪ್ರಕರಣವನ್ನು ಬೇಗ ಮುಗಿಸಿದರು. ಇಬ್ಬರೂ ನೋಡಲಿಲ್ಲ ಎಂದು ಬರೆದುಕೊಟ್ಟರೆ ಸಾಕು, ಡ್ರಾ ಡ್ರಾ ಆಗಿಯೇ ಉಳಿಯುತ್ತದೆ. ನಾನು ಮೊದಲು "ಅಜಾಗರೂಕತೆಯಿಂದ" ಎಂದು ಬರೆದೆ. ಅವರು ಓದಿ ಹಾಳೆ ಹಿಂದಿರುಗಿಸಿದರು. ಅಜಾಗರೂಕತೆ ನಡತೆಯ ನಿಯಮಗಳ ಪ್ರಕಾರ ಅಪರಾಧ, ಅದಕ್ಕೆ ಕ್ರಮ ತೆಗೆದುಕೊಳ್ಳಬೇಕಾಗುತ್ತದೆ ಎಂದು ವಿವರಿಸಿದರು. "ಮೂರ್ಖತಾ ಲಿಖೋ," ಎಂದರು, ಬಹಳ ಮೃದುವಾಗಿ. "ಮೂರ್ಖತಾ ಕೇ ಲಿಯೇ ಕೋಯೀ ಆ್ಯಕ್ಷನ್ ನಹೀ ಹೈ." ಇಷ್ಟು ವರ್ಷಗಳಲ್ಲಿ ಒಬ್ಬ ಅಧಿಕಾರಿ ನನಗೆ ಮಾಡಿದ ನಿಜವಾದ ಉಪಕಾರ ಅದು. ಇಪ್ಪತ್ತೇಳನೇ ಹಾಗೂ ಇಪ್ಪತ್ತೆಂಟನೇ ನಡೆಗಳಲ್ಲಿ ಒಂದೇ ನಡೆಯ ಮೇಟ್ ಇದ್ದರೂ ನನ್ನ ಮೂರ್ಖತನದಿಂದಾಗಿ ಅದು ನನಗೆ ಕಾಣಲಿಲ್ಲ ಎಂದು ಹಿಂದಿಯಲ್ಲಿ ಬರೆದು ಸಹಿ ಮಾಡಿದೆ.

ಉಡುಪಿಗೂ ಹಾಳೆ ಕೊಟ್ಟರು. ನನ್ನದು ನಿಜ, ಅವನು ಬರೆಯಬೇಕಾದದ್ದು ಸುಳ್ಳು. ಅವನಿಗೆ ಕಂಡಿತ್ತು. ಅವನು ಜೀವಮಾನದಲ್ಲಿ ಮಾಡಿದ ಒಂದು ದೊಡ್ಡ ಕೆಲಸವನ್ನು ಮೂರ್ಖತನ ಎಂದು ಬರೆದು ಕೆಳಗೆ ಹೆಸರು ಹಾಕಬೇಕಿತ್ತು. ಪೆನ್ನು ಹಿಡಿದು ಕೂತೇ ಇದ್ದ. ಹುಡುಗಿ, "ಅಂಕಲ್, ಜಸ್ಟ್ ಸೈನ್ ಮಾಡಿ ಅಂಕಲ್," ಎಂದಳು. ಮಾಡಿದ. ಪೆನ್ನನ್ನು ನನಗೆ ಕೊಡಬೇಕಿತ್ತು, ನನ್ನದು. ಮೇಜಿನ ಮೇಲಿಟ್ಟು ಹೊರಟುಹೋದ.

ಸೀಟು ಅವನಿಗೆ. ಜೋಗೇಶ್ವರಿಯ ಆದೇಶ ನನಗೆ. ಅವತ್ತಿನಿಂದ ಅವನು ಬೇರೆ ಡಬ್ಬಿ ಹತ್ತತೊಡಗಿದ. ಪಕ್ಕದ ಮೇಜಿನಲ್ಲಿ ಕೂತವನು ದಿನವಿಡೀ ನನ್ನೊಡನೆ ಬಿಡಿಭಾಗಗಳ ಸಂಖ್ಯೆಗಳನ್ನು ಮಾತ್ರ ಮಾತಾಡಿದ. ನಾನು ಎರಡು ಸಲ ಕ್ಷಮೆ ಕೇಳಲು ಹೋದೆ. ಒಂದು ಸಲ ಅವನು ಎದ್ದುಹೋದ, ಇನ್ನೊಂದು ಸಲ ಪೂರ್ತಿ ಕೇಳಿ, "ಆಯ್ತಾ?" ಎಂದ.

ಬೈಕುಲ್ಲಾದಲ್ಲಿ ನನ್ನ ಕೊನೆಯ ದಿನ. ಘಾಟ್ಕೋಪರ್‌ನಲ್ಲಿ ಹತ್ತಿದೆ, ಹಿಂದಿನಿಂದ ಮೂರನೇ ಡಬ್ಬಿ. ಕಿಟಕಿಯ ಪಕ್ಕದ ಸೀಟಿನಲ್ಲಿ ಉಡುಪಿ ಕೂತಿದ್ದ. ಎದುರಿನ ಸೀಟಿನ ಮೇಲೆ ತನ್ನ ಚೀಲ ಇಟ್ಟು ಹಿಡಿದಿದ್ದ. ನನ್ನನ್ನು ನೋಡಿ ಚೀಲ ಎತ್ತಿದ. ನಾನು ಕೂತೆ. ಗಾಡಿ ಹೊರಟಿತು.

"ಹೂಂ, ಹೇಳು," ಎಂದ.

"ಡಿ ಫೋರ್," ಎಂದೆ.

"ಡಿ ಫೈವ್."

ನಾಲೆಯ ನಾತ ಬಂತು, ಹೋಯಿತು. ವಿದ್ಯಾವಿಹಾರ್ ಬಂತು. ನಾನು ಅವನ ಕೈ ನೋಡುತ್ತಿದ್ದೆ. ಎರಡೂ ಕೈ ಚೀಲದ ಮೇಲೆ ಇದ್ದವು, ಅಲ್ಲೇ ಉಳಿದವು. ಕಿಟಕಿ ಮುಚ್ಚಿಯೇ ಇತ್ತು. ವಿದ್ಯಾವಿಹಾರ್ ಹೋಯಿತು. ಬಾಯಲ್ಲೂ ಯಾರೂ ಹೇಳಲಿಲ್ಲ, ಕಿಟಕಿಯನ್ನೂ ಯಾರೂ ಎತ್ತಲಿಲ್ಲ. ಎರಡೂ ಕಾಲಾಳುಗಳು ಹುಟ್ಟಿದ ಮನೆಯಲ್ಲೇ ಇದ್ದವು, ಕ್ಯಾಂಟೀನಿನಲ್ಲಿ ಇದ್ದ ಹಾಗೆಯೇ.

ಕುರ್ಲಾ ದಾಟಿದ ಮೇಲೂ ಅವನು ಬೇರೆ ಆಡಲಿಲ್ಲ. ಆ ಶನಿವಾರದ ನಡೆಗಳನ್ನೇ ಒಂದೊಂದಾಗಿ, ತಪ್ಪದೆ ಹೇಳಿದ. ನಾನೂ ಅವನ್ನೇ ಹೇಳಿದೆ. ಎಂದೂ ಇಲ್ಲದ ವೇಗ ಇಬ್ಬರಿಗೂ. ಸಾಯನ್‌ನಲ್ಲಿ ರಾಣಿಗಳು ಹೋದವು.

"ರೂಕ್ ಸಿ ಟು," ಎಂದ.

"ರೂಕ್ ಡಿ ಸೆವೆನ್."

"ರೂಕ್ ಬಿ ಟು."

ಅವನು ಮೊದಲ ಸಲ ತಲೆ ಎತ್ತಿ ನನ್ನನ್ನು ನೋಡಿದ. ಮಾಟುಂಗಾದಲ್ಲಿ ಗಾಡಿ ನಿಂತಿತು. ಕೆಲವರು ಇಳಿದರು, ಕೆಲವರು ಹತ್ತಿದರು. "ರೂಕ್ ಡಿ ಏಟ್, ಮೇಟ್." ನಾಲಿಗೆಯ ತುದಿಯಲ್ಲಿತ್ತು. ಈ ಸಲ ನನಗೆ ಎಲ್ಲವೂ ಕಾಣುತ್ತಿತ್ತು: ಅವನ ರಾಜ, ನನ್ನ ರಾಜ, ಎರಡು ಮುಚ್ಚಿದ ಮೂಲೆಗಳು. ಗಾಡಿ ಹೊರಟಿತು.

"ರೂಕ್ ಎ ಸೆವೆನ್," ಎಂದೆ.

"ರೂಕ್ ಬಿ ಒನ್," ಎಂದ ಅವನು, ಒಂದು ಕ್ಷಣವೂ ಕಾಯದೆ. "ಮೇಟ್."

ದಾದರ್ ಇನ್ನೂ ಬಂದಿರಲಿಲ್ಲ. ಹತ್ತೊಂಬತ್ತು ವರ್ಷಗಳಲ್ಲಿ ಮುಗಿದ ಮೊದಲ ಆಟ.

"ಈ ಸಲವೂ ಕಾಣ್ಲಿಲ್ವಾ?" ಎಂದು ಕೇಳಿದ.

"ಇಲ್ಲೋ," ಎಂದೆ. "ಕಾಣಲಿಲ್ಲ."

"ಗೊತ್ತಿತ್ತು," ಎಂದ. ಆಮೇಲೆ ಎದ್ದು ಕಿಟಕಿ ಎತ್ತಿದ.